ಹಲಕುಂದಿಯ ಕಣ್ಣಿಗೆ ಹ್ಯಾಂಬರ್ಗಿನ ಬಿಸಿಲು

"ಅಣ್ಣಾ, ಕಣ್ಣೊಳಗ ರಕ್ತ ಇಳಿದೈತಂತ. ಲೇಸರ್ ಹೊಡೆಸಿದ್ರ ಕರಗತೈತಂತಲ್ಲ, ಬೆಂಗಳೂರಾಗ ಎಲ್ಲಿ ಹೊಡೀತಾರ?"

ಬಳ್ಳಾರಿ ಕಡೆ ನೆಂಟರಿರುವವರಿಗೆ ಇಂಥದೊಂದು ಫೋನ್ ಯಾವತ್ತಾದರೂ ಬರುತ್ತೆ. ಬಳ್ಳಾರಿ ನಗರದ ಪಕ್ಕದ ಹಲಕುಂದಿ ಕಡೆ ಸ್ಪಾಂಜ್ ಐರನ್ ಕಾರ್ಖಾನೆಗಳಿವೆ. ಕಬ್ಬಿಣ ಬಡಿಯುವ, ಕೊಯ್ಯುವ, ಬೆಸೆಯುವ ಕೆಲಸ ಇರುವಲ್ಲೆಲ್ಲ ಕಣ್ಣಿಗೆ ಚೂರು ಹಾರುವ ಭಯ ಇದ್ದೇ ಇರುತ್ತೆ. ಕಾರ್ಖಾನೆಯೇ ಆಗಬೇಕು ಅಂತೇನಿಲ್ಲ. ಸಿರುಗುಪ್ಪದ ಹೊಲದಲ್ಲಿ ಎತ್ತಿನ ಕೊಂಬು ತಾಗಬಹುದು, ಕುರುಗೋಡಿನ ಓಣಿಯಲ್ಲಿ ಚಿನ್ನಿದಾಂಡಿನ ಚಿನ್ನಿ ಬಡಿಯಬಹುದು, ದೀಪಾವಳಿ ಪಟಾಕಿ ಮುಖದ ಮುಂದೆಯೇ ಸಿಡಿಯಬಹುದು. ಪೆಟ್ಟು ಯಾವುದೇ ಇರಲಿ, ಆಮೇಲೆ ಕೇಳುವ ಪ್ರಶ್ನೆ ಮಾತ್ರ ಒಂದೇ: ಲೇಸರ್ ಎಲ್ಲಿದೆ?

ಉತ್ತರ ಸ್ವಲ್ಪ ನಿರಾಸೆಯದು. ಕಣ್ಣೊಳಗೆ ತುಂಬಿಕೊಂಡ ರಕ್ತವನ್ನು ಲೇಸರ್ ಕರಗಿಸೋದಿಲ್ಲ. ಅದು ಪೊರಕೆ ಅಲ್ಲ, ಬೆಸುಗೆ ಯಂತ್ರ. ಕಸ ಗುಡಿಸೋಕೆ ಬರಲ್ಲ, ಹರಿದದ್ದನ್ನು ಅಂಟಿಸೋಕೆ ಬರುತ್ತೆ. ಈ ವ್ಯತ್ಯಾಸ ವೈದ್ಯರಿಗೇ ಅರ್ಥ ಆಗೋಕೆ ನೂರಾರು ವರ್ಷ ಬೇಕಾಯಿತು. ಅದು ಗೊತ್ತಿಲ್ಲದೆ ಲೇಸರ್ ಹುಡುಕುತ್ತಾ ಇವತ್ತಿಗೂ ಜನ ವಾರಗಟ್ಟಲೆ ಅಲೆಯುತ್ತಾರೆ. ಆ ವಾರಗಳಲ್ಲೇ ಕಣ್ಣು ಕೈಬಿಟ್ಟು ಹೋಗಬಹುದು. ಹಾಗಾಗಿ ಈ ಕಥೆಯನ್ನು ಮೊದಲಿಂದ ನೋಡೋಣ.

ನಮ್ಮ ಕಣ್ಣಿನ ಗುಡ್ಡೆಯ ಬಹುಪಾಲು ಜಾಗದಲ್ಲಿ ಇರುವುದು ಲೋಳೆಯಂಥ, ಗಾಜಿನಷ್ಟು ತಿಳಿಯಾದ ಒಂದು ವಸ್ತು. ವಿಟ್ರಿಯಸ್ ಅಂತ ಹೆಸರು. ಅಳತೆ ಸುಮಾರು ನಾಲ್ಕು ಮಿಲಿಲೀಟರ್, ಒಂದು ಚಮಚಕ್ಕಿಂತ ಕಮ್ಮಿ. ಅದರ ಹಿಂದೆ, ಗೋಡೆಗೆ ಅಂಟಿಸಿದ ತೆಳು ಕಾಗದದ ಹಾಗೆ, ರೆಟಿನಾ ಇರುತ್ತೆ. ಜೋರು ಪೆಟ್ಟು ಬಿದ್ದಾಗ ಗುಡ್ಡೆ ಒಂದು ಕ್ಷಣ ಅಪ್ಪಚ್ಚಿಯಾಗಿ ಮತ್ತೆ ಉಬ್ಬುತ್ತೆ. ಆ ಎಳೆದಾಟದಲ್ಲಿ ರಕ್ತನಾಳ ಒಡೆಯಬಹುದು, ರೆಟಿನಾ ಹರಿಯಬಹುದು. ರಕ್ತ ಬಂದು ವಿಟ್ರಿಯಸ್‌ಗೆ ಸೇರಿದರೆ ಕಣ್ಣ ಮುಂದೆ ಮೊದಲು ಜೇಡರ ಬಲೆ, ಆಮೇಲೆ ಹೊಗೆ, ಕೊನೆಗೆ ಕತ್ತಲೆ. ನೋವು ಜಾಸ್ತಿ ಇರಲೇಬೇಕು ಅಂತಿಲ್ಲ. ಅದೇ ಇದರ ಮೋಸ.

ಹಳೆಯ ವೈದ್ಯರಿಗೆ ಇದ್ಯಾವುದೂ ಕಾಣುತ್ತಿರಲಿಲ್ಲ. ಪಾಪೆಯೊಳಗೆ ಇಣುಕಿದರೆ ಬರೀ ಕಪ್ಪು. ಜರ್ಮನಿಯ ಹರ್ಮನ್ ಫಾನ್ ಹೆಲ್ಮ್‌ಹೋಲ್ಟ್ಸ್ 1851ರಲ್ಲಿ ಆಫ್ತಾಲ್ಮೋಸ್ಕೋಪ್ ಬಗ್ಗೆ ಬರೆದು ಪ್ರಕಟಿಸಿದ ಮೇಲೆಯೇ ಬದುಕಿರುವ ಮನುಷ್ಯನ ರೆಟಿನಾವನ್ನು ಸ್ಪಷ್ಟವಾಗಿ ನೋಡೋಕೆ ಆಗಿದ್ದು. ಆದರೆ ನೋಡಿದ್ದರಿಂದ ಗೊತ್ತಾಗಿದ್ದು ರೋಗ, ಮದ್ದಲ್ಲ. ಎರಡೂ ಕಣ್ಣಿಗೆ ಪಟ್ಟಿ ಕಟ್ಟಿ, ತಲೆ ಎತ್ತರ ಮಾಡಿ ಮಲಗಿಸಿ, ರಕ್ತ ತಾನೇ ಇಳಿಯಲಿ ಅಂತ ಕಾಯುವುದೇ ಚಿಕಿತ್ಸೆ. ಕೆಲವರಿಗೆ ಇಳಿಯುತ್ತಿತ್ತು. ಉಳಿದವರು ಕುರುಡರಾಗುತ್ತಿದ್ದರು.

ಕಬ್ಬಿಣದ ಚೂರು ಒಳಗೆ ಹೊಕ್ಕಿದ್ದರೆ ಮಾತ್ರ ಒಂದು ದಾರಿ ಬೇಗ ಸಿಕ್ಕಿತ್ತು. ಗಣಿ ಜಿಲ್ಲೆಯ ಓದುಗರಿಗೆ ಇದು ಹಿಡಿಸಬಹುದು. ಮೈಗೆ ಹೊಕ್ಕ ಕಬ್ಬಿಣವನ್ನು ತೆಗೆಯಲು ಅಯಸ್ಕಾಂತ ಬಳಸಬಹುದು ಅಂತ ನಮ್ಮ ಸುಶ್ರುತ ಸಂಹಿತೆಯಲ್ಲೇ ಇದೆ. ಯುರೋಪಿನಲ್ಲಿ 17ನೇ ಶತಮಾನದಲ್ಲಿ ಫ್ಯಾಬ್ರಿಸಿಯಸ್ ಹಿಲ್ಡಾನಸ್ ಎಂಬ ಹೆಸರಾಂತ ಶಸ್ತ್ರವೈದ್ಯ ಒಬ್ಬ ರೋಗಿಯ ಕಣ್ಣಿಂದ ಉಕ್ಕಿನ ಚೂರು ತೆಗೆಯಲಾಗದೆ ಒದ್ದಾಡುತ್ತಿದ್ದಾಗ, ಸೂಜಿಗಲ್ಲು ಹಿಡಿದು ನೋಡಿ ಅಂತ ಉಪಾಯ ಹೇಳಿದ್ದು ಅವನ ಹೆಂಡತಿ ಮಾರೀ ಕೋಲಿನೆ. ಆಕೆಯೂ ಶಸ್ತ್ರವೈದ್ಯೆಯೇ. ಗಂಡ ಆ ಶ್ರೇಯವನ್ನು ನುಂಗಿಹಾಕದೆ ಆಕೆಯ ಹೆಸರಲ್ಲೇ ಬರೆದಿಟ್ಟ, ಪುಣ್ಯಾತ್ಮ. ಮುಂದೆ 1879ರಲ್ಲಿ ಬರ್ಲಿನ್ನಿನ ಯೂಲಿಯಸ್ ಹಿರ್ಷ್‌ಬರ್ಗ್ ವಿದ್ಯುತ್ ಅಯಸ್ಕಾಂತ ಬಳಸಿದ. 1892ರಲ್ಲಿ ಜೂರಿಕ್‌ನ ಓಟ್ಟೋ ಹಾಬ್ ದೈತ್ಯ ಗಾತ್ರದ ಅಯಸ್ಕಾಂತವನ್ನೇ ತಂದು ನಿಲ್ಲಿಸಿದ. ಅದು ಕೈಗಾರಿಕೆಗಳ ಕಾಲ. ಕಾರ್ಖಾನೆ ಹೆಚ್ಚಾದಂತೆ ಕಣ್ಣಿಗೆ ಚೂರು ಹೊಕ್ಕವರೂ ಹೆಚ್ಚಾಗಿದ್ದರು.

ಕಣ್ಣೊಳಗೆ ಉಳಿದ ಕಬ್ಬಿಣ ಸುಮ್ಮನಿರಲ್ಲ. ನಿಧಾನವಾಗಿ ತುಕ್ಕು ಬಿಟ್ಟು ರೆಟಿನಾವನ್ನೇ ತಿನ್ನುತ್ತೆ. ಅಂಥ ಕಣ್ಣಿಟ್ಟುಕೊಂಡು ಎಂಆರ್‌ಐ ಯಂತ್ರದೊಳಗೆ ಹೋಗುವುದಂತೂ ಅಪಾಯ, ಯಾಕಂದ್ರೆ ಆ ಯಂತ್ರವೂ ದೊಡ್ಡದೊಂದು ಅಯಸ್ಕಾಂತವೇ, ಚೂರು ಒಳಗೇ ಸರಿದಾಡಿ ಇನ್ನಷ್ಟು ಹರಿಯಬಹುದು. ಅದಕ್ಕೇ ಸುತ್ತಿಗೆ, ಉಳಿ, ಗ್ರೈಂಡರ್ ಕೆಲಸ ಮಾಡುವಾಗ ಆದ ಪೆಟ್ಟಾದರೆ ಅದನ್ನು ಡಾಕ್ಟರ ಹತ್ತಿರ ಬಾಯಿಬಿಟ್ಟು ಹೇಳಬೇಕು. ಮಾಲೀಕರು ಬೈತಾರೆ ಅಂತ "ಬಿದ್ದುಬಿಟ್ಟೆ" ಅಂದರೆ ತನಿಖೆಯ ದಾರಿಯೇ ತಪ್ಪುತ್ತೆ.

ಈಗ ಬೆಳಕಿನ ಕಥೆಗೆ ಬರೋಣ. ಸ್ವಿಟ್ಜರ್ಲೆಂಡಿನ ಲೋಜಾನ್ ನಗರದಲ್ಲಿ ಜೂಲ್ ಗೋನ್ಯಾ ಎಂಬ ವೈದ್ಯರು 20ನೇ ಶತಮಾನದ ಆರಂಭದ ದಶಕಗಳಲ್ಲಿ ಒಂದು ಮಾತು ಹಿಡಿದು ಕೂತಿದ್ದರು. ರೆಟಿನಾ ಗೋಡೆಯಿಂದ ಕಳಚಿಕೊಳ್ಳೋದಕ್ಕೆ ಕಾರಣ ಅದರಲ್ಲಿ ಆಗುವ ಹರಕು, ಆ ಹರಕನ್ನು ಸುಟ್ಟು ಮುಚ್ಚಿದರೆ ರೆಟಿನಾ ಮತ್ತೆ ಕೂರುತ್ತೆ, ಅನ್ನೋದು ಅವರ ವಾದ. ಕಾದ ಕಬ್ಬಿಣದ ಮೊನೆಯಿಂದ ಕಣ್ಣಿನ ಹೊರಗೋಡೆ ಚುಚ್ಚಿ ಒಳಗೆ ಸುಡುತ್ತಿದ್ದರು. ಕೇಳಿದರೆ ಮೈ ಜುಮ್ಮೆನ್ನುತ್ತೆ. ಆದರೆ ಅಲ್ಲಿಯವರೆಗೆ ವಾಸಿಯಾಗದ ಕಾಯಿಲೆ ಅನಿಸಿಕೊಂಡಿದ್ದದ್ದು ವಾಸಿಯಾಗತೊಡಗಿತು. ಆಮೇಲೆ ಅದೇ ಕೆಲಸಕ್ಕೆ ವಿದ್ಯುತ್ ಶಾಖ ಬಂತು. ತತ್ವ ಅದೇ: ಸುಟ್ಟ ಜಾಗದಲ್ಲಿ ಗಾಯದ ಕಲೆ ಆಗುತ್ತೆ, ಕಲೆ ಅಂಟಿನ ಕೆಲಸ ಮಾಡುತ್ತೆ.

1945ರ ಜುಲೈ 9ರಂದು ಯುರೋಪಿನಲ್ಲಿ ಸೂರ್ಯಗ್ರಹಣ ಕಾಣಿಸಿತು. ಯುದ್ಧ ಮುಗಿದು ಎರಡು ತಿಂಗಳಾಗಿತ್ತು, ಅಷ್ಟೆ. ಒಬ್ಬ ವೈದ್ಯ ವಿದ್ಯಾರ್ಥಿ ಬರಿಗಣ್ಣಲ್ಲಿ ಗ್ರಹಣ ನೋಡಿ ರೆಟಿನಾ ಸುಟ್ಟುಕೊಂಡ. ಗೆರ್ಡ್ ಮೇಯರ್-ಶ್ವಿಕೆರಾತ್ ಎಂಬ ಯುವ ಕಣ್ಣಿನ ವೈದ್ಯರು ಆ ಕಲೆಯನ್ನು ನೋಡಿದರು. ಶಾಖ ಕೊಟ್ಟು ತಾವು ಮಾಡುತ್ತಿದ್ದ ಕಲೆಗೂ ಇದಕ್ಕೂ ಏನೂ ವ್ಯತ್ಯಾಸ ಇರಲಿಲ್ಲ. ಸೂರ್ಯ ಕಣ್ಣನ್ನು ಕೊಯ್ಯದೆ, ಚುಚ್ಚದೆ, ಪಾಪೆಯ ಮೂಲಕವೇ ಒಳಗೆ ಹೋಗಿ ಸುಟ್ಟಿದ್ದ! ಗ್ರಹಣ ನೋಡಿದರೆ ಕಣ್ಣು ಹೋಗುತ್ತೆ ಅಂತ ನಮ್ಮಜ್ಜಿಯರೂ ಹೇಳುತ್ತಿದ್ದರು. ಆ ಸುಡುವ ಶಕ್ತಿಯನ್ನೇ ಹಿಡಿತಕ್ಕೆ ತಂದು ಬೇಕಾದ ಕಡೆ ಬಿಟ್ಟರೆ ಹೇಗೆ ಅನ್ನೋದು ಈ ವೈದ್ಯರಿಗೆ ಹೊಳೆದ ಪ್ರಶ್ನೆ.

ಹ್ಯಾಂಬರ್ಗಿನ ಆಸ್ಪತ್ರೆಯಲ್ಲಿ ಅವರು ಸೂರ್ಯನ ಚಲನೆಯನ್ನು ಹಿಂಬಾಲಿಸುವ ಕನ್ನಡಿಗಳನ್ನು ಜೋಡಿಸಿ, ಬಿಸಿಲನ್ನು ರೋಗಿಯ ಕಣ್ಣೊಳಗೆ ಹಾಯಿಸಿದರು. 1940ರ ದಶಕದ ಕೊನೆಗೆ ರೆಟಿನಾದ ಹರಕುಗಳನ್ನು ಹೀಗೆ ಬೆಳಕಿನಿಂದ ಮುಚ್ಚಿಯೂ ತೋರಿಸಿದರು. ತೊಂದರೆ ಇದ್ದದ್ದು ಒಂದೇ, ಹ್ಯಾಂಬರ್ಗಿನ ಮೋಡ. ಬಳ್ಳಾರಿಯ ಬಿಸಿಲೇನಾದರೂ ಅವರ ಕೈಗೆ ಸಿಕ್ಕಿದ್ದರೆ ವರ್ಷಕ್ಕೆ ಹತ್ತು ತಿಂಗಳು ಆಪರೇಷನ್ ಥಿಯೇಟರ್ ತೆರೆದೇ ಇರುತ್ತಿತ್ತೇನೋ! ಮೋಡದ ಕಾಟ ತಪ್ಪಿಸೋಕೆ ಕಾರ್ಬನ್ ದೀಪ ಹಿಡಿದರು. ಆಮೇಲೆ ಜೈಸ್ ಕಂಪನಿಯ ಹಾನ್ಸ್ ಲಿಟ್‌ಮನ್ ಜೊತೆ ಸೇರಿ 1950ರ ದಶಕದಲ್ಲಿ ಕ್ಸೆನಾನ್ ದೀಪದ ಯಂತ್ರ ಮಾಡಿಸಿದರು. ಲೇಸರ್ ಹುಟ್ಟುವ ಮುಂಚೆಯೇ ಬೆಳಕಿನ ಬೆಸುಗೆ ಹುಟ್ಟಿತ್ತು ಅನ್ನೋದನ್ನು ನೆನಪಿಡಿ.

1960ರ ಮೇ 16ರಂದು ಅಮೆರಿಕದಲ್ಲಿ ಥಿಯೋಡೋರ್ ಮೈಮನ್ ಮೊದಲ ಲೇಸರ್ ಬೆಳಗಿಸಿದರು. ಮಾಣಿಕ್ಯದ ಹರಳಿನಿಂದ ಬಂದ ಕಡುಗೆಂಪು ಬೆಳಕು. 1961ರ ಕೊನೆಗಾಗಲೇ ನ್ಯೂಯಾರ್ಕಿನ ಚಾರ್ಲ್ಸ್ ಕ್ಯಾಂಪ್‌ಬೆಲ್ ಅದನ್ನು ಒಬ್ಬ ರೋಗಿಯ ರೆಟಿನಾದ ಗಡ್ಡೆಗೆ ಬಳಸಿದ್ದರು. ಹೊಸ ತಂತ್ರಜ್ಞಾನ ಒಂದೂವರೆ ವರ್ಷದಲ್ಲಿ ಮನುಷ್ಯನ ಕಣ್ಣಿಗೆ ಬಂದಿತ್ತು. ನಮ್ಮ ಸ್ಟಾರ್ಟಪ್‌ಗಳೂ ಇಷ್ಟು ಅವಸರ ಮಾಡಲ್ಲ.

ಆದರೆ ಮಾಣಿಕ್ಯದ ಲೇಸರ್ ಒಂದು ಕಡೆ ಸೋತಿತು. ರಕ್ತ ನಮಗೆ ಕೆಂಪಗೆ ಕಾಣೋದು ಯಾಕೆ ಹೇಳಿ? ಅದು ಹಸಿರು, ನೀಲಿ ಬೆಳಕನ್ನು ಹೀರಿಕೊಂಡು ಕೆಂಪನ್ನು ಬಿಟ್ಟುಕೊಡುತ್ತೆ. ಹಾಗಾಗಿ ಕೆಂಪು ಲೇಸರ್ ರಕ್ತನಾಳಕ್ಕೆ ಬಿದ್ದರೆ ನಾಳಕ್ಕೆ ಅಷ್ಟಾಗಿ ಶಾಖವೇ ತಾಗಲ್ಲ. ಸೋರುವ ನಾಳವನ್ನು ಸುಡಬೇಕಿದ್ದರೆ ರಕ್ತ ಹೀರಿಕೊಳ್ಳುವ ಬಣ್ಣ ಬೇಕು. 1964ರಲ್ಲಿ ವಿಲಿಯಂ ಬ್ರಿಜಸ್ ಕಂಡುಹಿಡಿದ ಆರ್ಗಾನ್ ಲೇಸರ್ ಸರಿಯಾಗಿ ಅಂಥದ್ದು: ನೀಲಿ-ಹಸಿರು. 1968ರಲ್ಲಿ ಫ್ರಾನ್ಸಿಸ್ ಲೆಸ್ಪರೆನ್ಸ್ ಅದನ್ನು ರೋಗಿಗಳ ಕಣ್ಣಿಗೆ ಬಳಸಿದರು. ಇವತ್ತು ನಮ್ಮ ಕ್ಲಿನಿಕ್‌ಗಳಲ್ಲಿ ಕಾಣುವ ಹಸಿರು ಲೇಸರ್ ಈ ವಂಶದ್ದೇ.

ಇಲ್ಲೇ ಇರೋದು ಇಡೀ ವಿಷಯದ ಗಂಟು. ರಕ್ತ ಹಸಿರು ಬೆಳಕನ್ನು ಹೀರುತ್ತೆ ಅಂತಲೇ ಈ ಲೇಸರ್ ರಕ್ತನಾಳಕ್ಕೆ ಒಳ್ಳೆಯದು. ಆದರೆ ಪೆಟ್ಟು ಬಿದ್ದು ವಿಟ್ರಿಯಸ್ ತುಂಬಾ ರಕ್ತ ತುಂಬಿಕೊಂಡಿದ್ದರೆ? ಅದೇ ರಕ್ತ ದಾರಿಯಲ್ಲೇ ಬೆಳಕನ್ನು ನುಂಗಿಬಿಡುತ್ತೆ. ಹಿಂದೆ ಇರುವ ಹರಕಿಗೆ ಏನೂ ತಲುಪಲ್ಲ. ಜೊತೆಗೆ ಡಾಕ್ಟರಿಗೆ ಆ ಹರಕು ಕಾಣುವುದೂ ಇಲ್ಲ. ಕಾಣದ ಜಾಗಕ್ಕೆ ಬೆಸುಗೆ ಹಾಕೋಕೆ ಆಗುತ್ತಾ? ರಕ್ತ ತೆಳುವಾಗಿದ್ದರೆ ಕೆಂಪು ಬಣ್ಣದ ಕ್ರಿಪ್ಟಾನ್ ಲೇಸರ್ ಅದರ ಮೂಲಕ ನುಸುಳಿ ಹೋಗುತ್ತೆ ಅಂತ ಮುಂದೆ ಗೊತ್ತಾಯಿತು. ದಟ್ಟ ರಕ್ತಕ್ಕೆ ಅದೂ ಸಾಲದು.

ಹಾಗಿದ್ದರೆ "ಲೇಸರ್‌ನಿಂದ ರಕ್ತ ನಿಂತಿತು" ಅಂತ ಊರಲ್ಲಿ ಹೇಳ್ತಾರಲ್ಲ, ಅದು ಸುಳ್ಳಾ? ಸುಳ್ಳಲ್ಲ, ಕಾಯಿಲೆ ಬೇರೆ. ಸಕ್ಕರೆ ಕಾಯಿಲೆಯವರ ರೆಟಿನಾದಲ್ಲಿ ಬೇಗ ಒಡೆಯುವ ಹೊಸ ನಾಳಗಳು ಹುಟ್ಟುತ್ತವೆ. ಲೇಸರ್‌ನಿಂದ ರೆಟಿನಾದ ಅಂಚಿನ ಭಾಗವನ್ನು ಚುಕ್ಕಿ ಚುಕ್ಕಿಯಾಗಿ ಸುಟ್ಟರೆ ಆ ನಾಳಗಳು ಬಾಡುತ್ತವೆ, ಮುಂದಿನ ರಕ್ತಸ್ರಾವ ತಪ್ಪುತ್ತೆ. ಇದರಿಂದ ತೀವ್ರ ದೃಷ್ಟಿನಷ್ಟ ಅರ್ಧಕ್ಕಿಂತ ಕಡಿಮೆಯಾಗುತ್ತೆ ಅಂತ ಅಮೆರಿಕದ ದೊಡ್ಡ ಅಧ್ಯಯನವೊಂದು 1976ರಲ್ಲೇ ತೋರಿಸಿತು. ಪಕ್ಕದ ಮನೆ ಮಾವನಿಗೆ ಆದದ್ದು ಅದು. ಪೆಟ್ಟು ತಿಂದ ಹುಡುಗನ ಲೆಕ್ಕ ಬೇರೆ.

ಒಳಗಿನ ರಕ್ತವನ್ನು ಗುಡಿಸುವ ಪೊರಕೆ ಬಂದಿದ್ದು ಇನ್ನೊಂದು ದಿಕ್ಕಿನಿಂದ. ವಿಟ್ರಿಯಸ್ ಮುಟ್ಟಿದರೆ ಕಣ್ಣೇ ಹೋಗುತ್ತೆ ಅನ್ನೋದು ಬಹಳ ಕಾಲ ಶಸ್ತ್ರವೈದ್ಯರ ನಂಬಿಕೆ. 1960ರ ದಶಕದಲ್ಲಿ ಮಯಾಮಿಯ ಡೇವಿಡ್ ಕ್ಯಾಸ್ನರ್ ಕಣ್ಣನ್ನು ಮುಂದಿನಿಂದ ತೆರೆದು, ಸ್ಪಂಜು ಮತ್ತು ಕತ್ತರಿಯಿಂದ ವಿಟ್ರಿಯಸ್ ತೆಗೆದು, ಕಣ್ಣು ಉಳಿಯುತ್ತೆ ಅಂತ ತೋರಿಸಿದರು. ಅದನ್ನು ನೋಡಿದ ರಾಬರ್ಟ್ ಮ್ಯಾಕೆಮರ್, ಕಣ್ಣು ತೆರೆಯದೆ ಸಣ್ಣ ರಂಧ್ರದಿಂದಲೇ ಇದನ್ನು ಮಾಡಬೇಕು ಅಂತ ಹೊರಟರು. ಜೊತೆಗಾರ ಎಂಜಿನಿಯರ್ ಜ್ಯಾನ್-ಮಾರೀ ಪರೆಲ್. ಪ್ರಯೋಗಕ್ಕೆ ಬಳಸಿದ್ದು ಕೋಳಿಮೊಟ್ಟೆ. ಮೊಟ್ಟೆಯ ಬಿಳಿಯೂ ವಿಟ್ರಿಯಸ್ ಹಾಗೆಯೇ ಲೋಳೆ ತಾನೆ? ಕತ್ತರಿಸುವ, ಹೀರುವ, ಖಾಲಿಯಾದ ಜಾಗಕ್ಕೆ ದ್ರವ ತುಂಬುವ ಮೂರೂ ಕೆಲಸ ಒಂದೇ ಕೊಳವೆಯಲ್ಲಿ. 1970ರಲ್ಲಿ ಮೊದಲ ರೋಗಿಗೆ ಮಾಡಿದರು. ವಿಟ್ರೆಕ್ಟಮಿ ಅನ್ನೋ ಆಪರೇಷನ್ ಶುರುವಾಗಿದ್ದು ಹೀಗೆ. ಇವತ್ತು ಅದಕ್ಕೆ ಸುಮಾರು ಅರ್ಧ ಮಿಲಿಮೀಟರ್ ರಂಧ್ರ ಸಾಕು.

1980ರ ಆಸುಪಾಸಿಗೆ ಎರಡು ದಾರಿಗಳೂ ಕೂಡಿಕೊಂಡವು. ಮೊದಲು ರಕ್ತ ತೆಗೆದು, ಅದೇ ರಂಧ್ರದಿಂದ ಕೂದಲೆಳೆಯಂಥ ಫೈಬರ್ ಇಳಿಸಿ, ಲೇಸರನ್ನು ಕಣ್ಣಿನ ಒಳಗಿಂದಲೇ ಹಾಯಿಸುವ ವಿಧಾನ ಬಂತು. ಮೊದಲು ಪೊರಕೆ, ಆಮೇಲೆ ಬೆಸುಗೆ. ಹಲಕುಂದಿಯ ಫೋನಿಗೆ ಸರಿಯಾದ ಉತ್ತರ ಇದು. ಒಂದು ಅಪವಾದ ಉಂಟು: ರಕ್ತ ವಿಟ್ರಿಯಸ್‌ಗೆ ಬೆರೆಯದೆ, ದೃಷ್ಟಿಯ ನಡುಬಿಂದುವಿನ ಮುಂದೆ ತೆಳು ಪೊರೆಯೊಳಗೆ ಕೆರೆಯ ಹಾಗೆ ನಿಂತಿದ್ದರೆ, ಯಾಗ್ ಲೇಸರ್‌ನಿಂದ ಆ ಪೊರೆಗೆ ಸಣ್ಣ ತೂತು ಮಾಡಿ ರಕ್ತವನ್ನು ಕೆಳಕ್ಕೆ ಹರಿಸಬಹುದು. 1980ರ ದಶಕದಿಂದ ಇದು ಬಳಕೆಯಲ್ಲಿದೆ. ಆದರೆ ರಕ್ತ ಹೆಪ್ಪುಗಟ್ಟುವ ಮುಂಚೆಯೇ ಆಗಬೇಕು. ಇಲ್ಲೂ ಸಮಯದ್ದೇ ಮಾತು.

ಇದೆಲ್ಲ ನಮ್ಮ ಕಡೆ ಹೇಗೆ ಬಂತು? 1800ರಲ್ಲಿ ನಿಜಾಮರಿಂದ ಕಂಪನಿ ಸರ್ಕಾರಕ್ಕೆ ಹೋದ ಬಳ್ಳಾರಿ, ಒಂದೂವರೆ ಶತಮಾನ ಮದ್ರಾಸಿನ ಆಡಳಿತದಲ್ಲಿತ್ತು. 1819ರಲ್ಲಿ ಮದ್ರಾಸಿನಲ್ಲಿ ಶುರುವಾದ ಕಣ್ಣಾಸ್ಪತ್ರೆ ಜಗತ್ತಿನ ಅತಿ ಹಳೆಯವುಗಳಲ್ಲಿ ಒಂದು. ಬೆಂಗಳೂರಿನಲ್ಲಿ 1896ರಲ್ಲಿ ಹುಟ್ಟಿದ ಕಣ್ಣಿನ ಚಿಕಿತ್ಸಾಲಯ 1913ರಲ್ಲಿ ಈಗಿನ ಮಿಂಟೋ ಕಟ್ಟಡಕ್ಕೆ ಬಂತು, ಆದರೆ ಆಗ ಅದು ಬೇರೆ ರಾಜ್ಯದ ಆಸ್ಪತ್ರೆ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತು, 1961ರಲ್ಲಿ ಊರಲ್ಲೇ ಸರ್ಕಾರಿ ಮೆಡಿಕಲ್ ಕಾಲೇಜು ಬಂತು. ಮುಂದೆ ವಿಮ್ಸ್ ಅಂತ ಹೆಸರಾಗಿದ್ದು ಅದೇ. ರೆಟಿನಾ ಚಿಕಿತ್ಸೆಗೆ ಹೆಸರಾದ ಶಂಕರ ನೇತ್ರಾಲಯವನ್ನು ಅಮೆರಿಕದಲ್ಲಿ ತರಬೇತಿ ಪಡೆದು ಬಂದ ಡಾ. ಎಸ್. ಎಸ್. ಬದರೀನಾಥ್ ಚೆನ್ನೈನಲ್ಲಿ ಕಟ್ಟಿದ್ದು 1978ರಲ್ಲಿ.

ಉತ್ತರ ಕರ್ನಾಟಕದ ಹಿರಿಯರನ್ನು ಕೇಳಿ, ಕಣ್ಣಿನ ಡಾಕ್ಟರ್ ಅಂದರೆ ಅವರ ಬಾಯಲ್ಲಿ ಬರೋ ಹೆಸರು ಡಾ. ಎಂ. ಸಿ. ಮೋದಿ. ಬೀಳಗಿಯಲ್ಲಿ ಹುಟ್ಟಿ, ಊರೂರಿಗೆ ಶಿಬಿರ ಒಯ್ದು, ಲಕ್ಷಾಂತರ ಬಡವರ ಪೊರೆ ತೆಗೆದವರು. 1968ರಲ್ಲಿ ಪದ್ಮಭೂಷಣ ಬಂತು. 1976ರಲ್ಲಿ ಶುರುವಾದ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮದಲ್ಲೂ ಹೆಚ್ಚಿನ ಒತ್ತು ಪೊರೆಗೇ ಸಿಕ್ಕಿತು. ಅದು ಸರಿಯೇ, ಯಾಕಂದ್ರೆ ಹೆಚ್ಚು ಜನ ಕುರುಡಾಗುತ್ತಿದ್ದದ್ದು ಅದರಿಂದ.

ಆದರೆ ಆ ದೊಡ್ಡ ಕೆಲಸ ನಮ್ಮ ಜನಕ್ಕೆ ಗೊತ್ತಿಲ್ಲದೆ ಒಂದು ಪಾಠವನ್ನೂ ಕಲಿಸಿತು: ಕಣ್ಣಿನ ಕಾಯಿಲೆ ಕಾಯುತ್ತೆ. ಪೊರೆ ನಿಜಕ್ಕೂ ಕಾಯುತ್ತೆ. ಸುಗ್ಗಿ ಮುಗಿಯಲಿ, ಮಗಳ ಮದುವೆ ಆಗಲಿ, ಮುಂದಿನ ಶಿಬಿರ ಬರಲಿ, ಆಗ ತೆಗೆಸಿದರೂ ದೃಷ್ಟಿ ಮರಳುತ್ತೆ. ಹರಿದ ರೆಟಿನಾ ಕಾಯಲ್ಲ. ನಡುಬಿಂದು ಇನ್ನೂ ಅಂಟಿಕೊಂಡಿರುವಾಗ ಬಂದವರಿಗೂ, ಅದು ಕಳಚಿದ ಮೇಲೆ ಬಂದವರಿಗೂ ಸಿಗುವ ದೃಷ್ಟಿಯಲ್ಲಿ ಅಜಗಜಾಂತರ. ನಡುವೆ ಇರುವುದು ಕೆಲವೇ ದಿನ. ಶಿಬಿರ ಒಂದು ಸಲ ಬಂದು ಹೋಗುವಂಥದ್ದು. ಪೆಟ್ಟು ಬಿದ್ದ ಕಣ್ಣಿಗೆ ಮತ್ತೆ ಮತ್ತೆ ತೋರಿಸುವುದು ಬೇಕು. ಹಲಕುಂದಿಯ ದಿನಗೂಲಿಯವನಿಗೆ ಪ್ರತಿ ಸಲವೂ ಒಂದು ದಿನದ ಕೂಲಿ ಹೋಗುತ್ತೆ, ಬೆಂಗಳೂರಿಗೆ ಬರಬೇಕಾದರೆ ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ಒಂದು ರಾತ್ರಿ ಬೇರೆ. "ಲೇಸರ್ ಒಂದು ಹೊಡೆಸಿಬಿಟ್ಟರೆ ಮುಗೀತು" ಅನ್ನೋ ಆಸೆ ಹುಟ್ಟೋದು ಇಲ್ಲಿಂದ. ಅದನ್ನು ಅಜ್ಞಾನ ಅಂತ ನಗೋದು ಸುಲಭ. ಕೂಲಿ ಲೆಕ್ಕ ಹಾಕಿದರೆ ನಗು ಬರಲ್ಲ.

ಹಾಗಾಗಿ ಮುಂದಿನ ಸಲ ಆ ಫೋನ್ ಬಂದರೆ, ಲೇಸರ್ ವಿಳಾಸ ಹುಡುಕೋ ಮುಂಚೆ ಒಂದು ಪ್ರಶ್ನೆ ಕೇಳಿ: "ಡಾಕ್ಟರಿಗೆ ರೆಟಿನಾ ಕಾಣ್ತಾ ಇದೆಯಂತಾ?" ಕಾಣ್ತಿಲ್ಲ ಅಂದರೆ ಬಿ-ಸ್ಕ್ಯಾನ್ ಆಗಿದೆಯಾ ಕೇಳಿ. ಶಬ್ದದ ಅಲೆಗಳಿಂದ ಕಣ್ಣಿನ ಒಳಗನ್ನು ನೋಡುವ ಈ ವಿಧಾನ 1950ರ ದಶಕದ್ದು. ರಕ್ತದ ಹಿಂದೆ ರೆಟಿನಾ ಅಂಟಿಕೊಂಡಿದೆಯೋ ಕಳಚಿದೆಯೋ ಅಂತ ಅದು ಹೇಳುತ್ತೆ. ಅಂಟಿಕೊಂಡಿದ್ದರೆ ಡಾಕ್ಟರು ಕಾಯಿರಿ ಅನ್ನಬಹುದು, ಆ ಕಾಯುವಿಕೆಯೂ ಚಿಕಿತ್ಸೆಯೇ, ಹೇಳಿದ ದಿನಕ್ಕೆ ಮತ್ತೆ ತೋರಿಸುವವರೆಗೆ. ಕಳಚಿದ್ದರೆ ಅವತ್ತೇ ಹೊರಡಬೇಕು. ಮಿಂಚು ಹೊಡೆದ ಹಾಗೆ ಬೆಳಕು, ಪಕ್ಕದಿಂದ ಪರದೆ ಬಿದ್ದ ಹಾಗೆ ನೆರಳು ಕಂಡರೂ ಹಾಗೇ. ಕಣ್ಣು ಒಡೆದಿರಬಹುದು ಅನಿಸಿದರೆ ಉಜ್ಜಬಾರದು, ತೊಳೆಯಬಾರದು, ಬಿಗಿಯಾಗಿ ಪಟ್ಟಿ ಕಟ್ಟಬಾರದು. ಒತ್ತದ ಹಾಗೆ ಮೇಲೊಂದು ಗಟ್ಟಿ ಮುಚ್ಚಳ ಇಟ್ಟು ಕರೆದೊಯ್ಯಬೇಕು. ಸುಣ್ಣವೋ ಆಸಿಡ್ಡೋ ಬಿದ್ದಿದ್ದರೆ ಮಾತ್ರ ತಡಮಾಡದೆ ನೀರು ಹಾಕಿ ತೊಳೆಯಬೇಕು.

ನಮ್ಮ ದೇಶದ ಕಾನೂನು ಕಣ್ಣಿಗೆ ಬೆಲೆಯನ್ನೂ ಕಟ್ಟಿದೆ. 2025ರವರೆಗೆ ಜಾರಿಯಲ್ಲಿದ್ದ 1923ರ ಕಾರ್ಮಿಕ ಪರಿಹಾರ ಕಾಯ್ದೆಯ ಪಟ್ಟಿಯಲ್ಲಿ ಒಂದು ಕಣ್ಣನ್ನೇ ಕಳೆದುಕೊಂಡರೆ ಶೇ. 40, ಗುಡ್ಡೆ ಉಳಿದು ಬರೀ ದೃಷ್ಟಿ ಹೋದರೆ ಶೇ. 30 ದುಡಿಮೆ ಸಾಮರ್ಥ್ಯದ ನಷ್ಟ ಅಂತ ಲೆಕ್ಕ ಇತ್ತು. 2025ರವರೆಗೇ ಜಾರಿಯಲ್ಲಿದ್ದ, ಆಮೇಲಿನ 1948ರ ಕಾರ್ಖಾನೆ ಕಾಯ್ದೆಯ 35ನೇ ಸೆಕ್ಷನ್, ಚೂರು ಹಾರುವ ಕೆಲಸದಲ್ಲಿ ಕನ್ನಡಕವೋ ಅಡ್ಡಪರದೆಯೋ ಒದಗಿಸಬೇಕು ಅನ್ನುತ್ತಿತ್ತು. ಒಂದು, ಹೋದ ಕಣ್ಣಿನ ಲೆಕ್ಕ. ಇನ್ನೊಂದು, ಹೋಗದ ಹಾಗೆ ನೋಡಿಕೊಳ್ಳುವ ಲೆಕ್ಕ. ಗ್ರಹಣದ ಬಿಸಿಲಿನಿಂದ ಫೈಬರ್ ಲೇಸರ್‌ವರೆಗೆ ಇಷ್ಟೆಲ್ಲ ಬುದ್ಧಿವಂತರು ಸೇರಿ ಕಟ್ಟಿದ ಚಿಕಿತ್ಸೆಯೂ ಪೆಟ್ಟು ಬೀಳುವ ಮುಂಚಿನ ಕಣ್ಣನ್ನು ಪೂರ್ತಿಯಾಗಿ ವಾಪಸ್ ಕೊಡುತ್ತೆ ಅನ್ನೋ ಭರವಸೆ ಇಲ್ಲ. ಗ್ರೈಂಡರ್ ಪಕ್ಕ ಮೊಳೆಗೆ ನೇತುಹಾಕಿದ ಕನ್ನಡಕವನ್ನು ತೆಗೆದು ಹಾಕಿಕೊಂಡರೆ ಅದರ ಅಗತ್ಯವೇ ಬೀಳದೆ ಹೋಗಬಹುದು.